ಪರೀಕ್ಷೆ ಇಲ್ಲದ ಫೆಲೋಶಿಪ್‌ಗಳು ಕಾರವಾರ ತಲುಪುವುದಿಲ್ಲ ಏಕೆ?

2024ರ ಡಿಸೆಂಬರ್ ಸಾಲಿನಲ್ಲಿ, ಕಾಲೇಜು ಬೋಧನೆಗೂ ಸಂಶೋಧನೆಗೂ ಅರ್ಹತೆ ಕೊಡುವ ಯುಜಿಸಿ ನೆಟ್ ಪರೀಕ್ಷೆ ಬರೆದವರು 6,49,490 ಮಂದಿ. ಅವರಲ್ಲಿ ಜೆಆರ್‌ಎಫ್ ಎಂಬ, ಪಿಎಚ್‌ಡಿ ಮಾಡಲು ತಿಂಗಳ ಹಣ ಕೊಡುವ ಫೆಲೋಶಿಪ್ ಸಿಕ್ಕಿದ್ದು 5,158 ಮಂದಿಗೆ. ಅಂದರೆ ನೂರು ಜನ ಬರೆದರೆ ಪೂರ್ತಿ ಒಬ್ಬರಿಗೂ ಸಿಗಲಿಲ್ಲ. ಹೀಗಿದ್ದರೂ ಕಾರವಾರ, ಕುಮಟಾ, ಶಿರಸಿ ಕಡೆಯ ಎಂಎ, ಎಂಎಸ್ಸಿ ಹುಡುಗ ಹುಡುಗಿಯರನ್ನು ಫೆಲೋಶಿಪ್ ಬಗ್ಗೆ ಕೇಳಿ ನೋಡಿ. ಬಾಯಿಗೆ ಮೊದಲು ಬರುವ ಹೆಸರು ಜೆಆರ್‌ಎಫ್. ಎರಡನೆಯ ಹೆಸರು ಕೇಳಿದರೆ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಾರೆ.

ಅದಕ್ಕೆ ಕಾರಣವೂ ಇದೆ. ನೆಟ್‌ಗೆ ಪಠ್ಯಕ್ರಮ ಇದೆ. ಗೈಡ್ ಪುಸ್ತಕ ಇದೆ. ಧಾರವಾಡದಲ್ಲಿ ಕೋಚಿಂಗ್ ಇದೆ. ವರ್ಷಕ್ಕೆರಡು ಸಲ ನಡೆಯುತ್ತದೆ. ಮೂರು ಗಂಟೆ, 150 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗೆದ್ದರೆ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ಫೆಲೋ ಅಂದರೆ ಎಸ್‌ಆರ್‌ಎಫ್ ಆಗಿ 42,000, ಮನೆ ಬಾಡಿಗೆ ಭತ್ಯೆ ಬೇರೆ. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ಎಲ್ಲರ ಕಣ್ಣಿಗೂ ಕಾಣುವ ದಾರಿ ಇದು, ಹಾಗಾಗಿ ಎಲ್ಲರೂ ಇದರಲ್ಲೇ ನಡೆಯುತ್ತಾರೆ.

ನನ್ನ ಪ್ರಕಾರ ಫೆಲೋಶಿಪ್‌ಗಳಲ್ಲಿ ಎರಡು ಜಾತಿ. ಒಂದು ಪರೀಕ್ಷೆಯಲ್ಲಿ ತೀರ್ಮಾನವಾಗುತ್ತದೆ. ಇನ್ನೊಂದು ಕಾಗದದಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ನೀವು ಬರೆದ ಒಂದು ಪುಟ, ನಿಮ್ಮ ಬಗ್ಗೆ ಮೇಷ್ಟ್ರು ಬರೆದ ಒಂದು ಪುಟ, ಆಮೇಲೆ ಒಂದು ಸಂದರ್ಶನ. ಉತ್ತರ ಕನ್ನಡದ ವಿದ್ಯಾರ್ಥಿಗಳು ಮೊದಲನೆಯದಕ್ಕೆ ವರ್ಷಗಟ್ಟಲೆ ತಯಾರಾಗುತ್ತಾರೆ. ಎರಡನೆಯದು ಇದೆ ಎಂಬುದೇ ಬಹಳಷ್ಟು ಮಂದಿಗೆ ಕೊನೆಯ ದಿನಾಂಕ ಮುಗಿದ ಮೇಲೆ ಗೊತ್ತಾಗುತ್ತದೆ. ವಿಚಿತ್ರ ಏನೆಂದರೆ, ನಮ್ಮ ಕಡೆಯವರಿಗೆ ನಿಜವಾದ ಅನುಕೂಲ ಇರುವುದು ಈ ಎರಡನೆಯದರಲ್ಲಿ.

ಕಾಗದದ ಫೆಲೋಶಿಪ್ ಎಂದರೆ ಯಾವುದು? ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ, ಅಲಹಾಬಾದಿನ ನಾಸಿ ಎಂಬ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ, ತಿಂಗಳಿಗಿಷ್ಟು ಹಣ. ಬಿಎಸ್ಸಿ ಓದುವವರೂ ಅರ್ಜಿ ಹಾಕಬಹುದು. ಕೇಳುವುದು ಅಂಕಪಟ್ಟಿ, 250 ಪದದೊಳಗಿನ ಒಂದು ಬರಹ, ಶಿಕ್ಷಕರ ಒಂದು ಪತ್ರ. ಪ್ರವೇಶ ಪರೀಕ್ಷೆ ಇಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಇಂಥದ್ದೇ ಬೇಸಿಗೆ ಕಾರ್ಯಕ್ರಮವಿದೆ. ಇನ್ನು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫೆಲೋಶಿಪ್. ವಿಜ್ಞಾನದ ಸ್ನಾತಕೋತ್ತರ ವಿಷಯದಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ರ್‍ಯಾಂಕ್ ಬಂದವರು ಪಿಎಚ್‌ಡಿಗಾಗಿ ಇದಕ್ಕೆ ಅರ್ಜಿ ಹಾಕಬಹುದು. ಪ್ರತಿ ಘಟಿಕೋತ್ಸವದ ಮರುದಿನ ಪತ್ರಿಕೆಗಳಲ್ಲಿ ಚಿನ್ನದ ಪದಕ ಹಿಡಿದ ಮಕ್ಕಳ ಫೋಟೊ ಬರುತ್ತದಲ್ಲ, ಅವರಲ್ಲಿ ಎಷ್ಟು ಮಂದಿ ಈ ಅರ್ಜಿ ತೆರೆದು ನೋಡಿರಬಹುದು? ಇದೇ ಇನ್‌ಸ್ಪೈರ್ ಹೆಸರಿನಲ್ಲಿ ಪದವಿ ಹಂತಕ್ಕೂ ಒಂದು ವಿದ್ಯಾರ್ಥಿವೇತನವಿದೆ. ಪಿಯು ಬೋರ್ಡಿನ ಮೇಲಿನ ಶೇಕಡಾ 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂಪಾಯಿ. ಎಂಜಿನಿಯರಿಂಗ್ ಸೀಟು ಬಿಟ್ಟು ಬಿಎಸ್ಸಿ ಸೇರಿದ ಹುಡುಗಿಗೆ 'ಸುಮ್ನೆ ಬಿಎಸ್ಸಿ ಯಾಕೆ' ಎನ್ನುವ ನೆಂಟರ ಬಾಯಿ ಮುಚ್ಚಿಸಲು ಈ ಮೊತ್ತ ಸಾಕು.

ಶಿರಸಿಯ ಅರಣ್ಯ ಕಾಲೇಜಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಭಾರತೀಯ ಕೃಷಿ ಸಂಶೋಧನಾ ಮಂಡಳಿಯ (ಐಸಿಎಆರ್) ಜೆಆರ್‌ಎಫ್ ಎಂಬ ಮಾತು ಓಡಾಡುತ್ತದೆ. ಹೆಸರು ಒಂದೇ ಆದರೂ ಅದು ಪಿಎಚ್‌ಡಿಯದ್ದಲ್ಲ, ಕೃಷಿ ಮತ್ತು ಅದರ ಸಂಬಂಧದ ವಿಷಯಗಳಲ್ಲಿ ಸ್ನಾತಕೋತ್ತರ ಓದಿಗೆ ಸಿಗುವುದು, ತಿಂಗಳಿಗೆ 12,640 ರೂಪಾಯಿ. ಇನ್ನು ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಂಥ ಕಡೆ ಕರೆಯುವ ಪ್ರಾಜೆಕ್ಟ್ ಹುದ್ದೆಗಳೇ ಬೇರೆ. ಅದು ಆ ಯೋಜನೆ ಮುಗಿಯುವ ತನಕ ಮಾತ್ರ. ಈ ಮೂರನ್ನೂ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಕೆ-ಸೆಟ್ ಬಗ್ಗೆಯೂ ಇಂಥದ್ದೇ ಗೊಂದಲ. ಕೆ-ಸೆಟ್ ಪಾಸಾದರೆ ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಬರುತ್ತದೆ, ಫೆಲೋಶಿಪ್ ಬರುವುದಿಲ್ಲ.

ಕೆ-ಸೆಟ್‌ನ ಹಲವು ವಿಷಯಗಳ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ನೆಟ್‌ನಲ್ಲಿ ಭಾಷಾ ವಿಷಯಗಳನ್ನು ಬಿಟ್ಟರೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಇತಿಹಾಸ, ರಾಜ್ಯಶಾಸ್ತ್ರ ಓದಿದ ಅಂಕೋಲಾದ ಹುಡುಗನಿಗೆ ಅಲ್ಲಿ ಮೊದಲ ಸ್ಪರ್ಧೆ ವಿಷಯದ ಜೊತೆಗಲ್ಲ, ಪ್ರಶ್ನೆಯ ವಾಕ್ಯದ ಜೊತೆಗೆ. ಇಂಥವನಿಗೆ ಕಾಗದದ ಫೆಲೋಶಿಪ್ ಸುಲಭ ಎಂದು ನಾನು ಹೇಳುತ್ತಿಲ್ಲ. ಅದೂ ಇಂಗ್ಲಿಷಿನಲ್ಲೇ ಬರೆಯಬೇಕು. ಆದರೆ ಮೂರು ಗಂಟೆಯಲ್ಲಿ ಓದಿ ಉತ್ತರಿಸುವುದಕ್ಕೂ, ಮೂರು ವಾರ ಕೂತು ತಿದ್ದಿ ತಿದ್ದಿ ಒಂದು ಪುಟ ಬರೆಯುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಎರಡನೆಯದರಲ್ಲಿ ಬೇರೆಯವರ ಸಹಾಯ ಪಡೆಯಬಹುದು. ಆ ಸಹಾಯ ಎಲ್ಲಿ ಸಿಗುತ್ತದೆ ಎಂಬುದೇ ಪ್ರಶ್ನೆ.

ಇಲ್ಲಿಗೆ ಶಿಫಾರಸು ಪತ್ರದ ವಿಷಯ ಬರುತ್ತದೆ. ನನ್ನ ಲೆಕ್ಕದಲ್ಲಿ ನಮ್ಮ ಕಾಲೇಜುಗಳ ಅತಿ ದುರ್ಬಲ ಕೊಂಡಿ ಇದೇ. ನಾನು ನೋಡಿದ ಪತ್ರಗಳಲ್ಲಿ ಹೆಚ್ಚಿನವು ನಾಲ್ಕು ಸಾಲಿನವು. ಇವರು ನಮ್ಮ ಕಾಲೇಜಿನ ವಿದ್ಯಾರ್ಥಿ, ಶ್ರದ್ಧಾವಂತರು, ನಡತೆ ಉತ್ತಮ, ಭವಿಷ್ಯಕ್ಕೆ ಶುಭ ಕೋರುತ್ತೇನೆ. ಕೆಳಗೆ ಸಹಿ, ಸೀಲು. ಇದು ನಡತೆ ಪ್ರಮಾಣಪತ್ರ. ಆಯ್ಕೆ ಸಮಿತಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಇನ್ನೂ ಕೆಟ್ಟದ್ದು ಏನೆಂದರೆ, ಅದೇ ನಾಲ್ಕು ಸಾಲು ಅದೇ ಕಾಲೇಜಿನ ಇನ್ನಿಬ್ಬರಿಗೂ ಹೋಗಿರುತ್ತದೆ.

ಸಮಿತಿಗೆ ಬೇಕಾದ್ದು ಬೇರೆ. ಈ ವಿದ್ಯಾರ್ಥಿ ಒಂದು ಪ್ರಯೋಗ ಕೆಟ್ಟಾಗ ಏನು ಮಾಡಿದಳು? ಪಠ್ಯದಲ್ಲಿ ಇಲ್ಲದ ಯಾವ ಪ್ರಶ್ನೆ ಕೇಳಿದಳು? ಕ್ಷೇತ್ರಕಾರ್ಯದ ಟಿಪ್ಪಣಿ ಹೇಗಿತ್ತು? ತರಗತಿಯ ಉಳಿದವರಿಗಿಂತ ಇವಳು ಯಾವುದರಲ್ಲಿ ಬೇರೆ, ಯಾವುದರಲ್ಲಿ ಇನ್ನೂ ಕಲಿಯಬೇಕು? ಇಂಥ ಎರಡು ಘಟನೆ ಇರುವ ಪತ್ರ ಹತ್ತು ವಿಶೇಷಣಗಳ ಪತ್ರಕ್ಕಿಂತ ಮೇಲು. ದೊಡ್ಡ ಊರಿನ ಹೆಸರುವಾಸಿ ಕಾಲೇಜುಗಳಲ್ಲಿ ಮೇಷ್ಟ್ರುಗಳೇ ಹೊರಗೆ ಓದಿ ಬಂದವರಾಗಿರುತ್ತಾರೆ, ಇಂಥ ಪತ್ರ ತಾವೇ ಪಡೆದಿರುತ್ತಾರೆ. ಹೇಗೆ ಬರೆಯಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮಲ್ಲಿ ಪಾಠ ಮಾಡುವವರಲ್ಲಿ ದೊಡ್ಡ ಪಾಲು ಅತಿಥಿ ಉಪನ್ಯಾಸಕರು. ಈ ವರ್ಷ ಇದ್ದವರು ಮುಂದಿನ ವರ್ಷ ಬೇರೆ ಊರಿನಲ್ಲಿರಬಹುದು. ಅವರ ಹತ್ತಿರ ಕಾಲೇಜಿನ ಹೆಸರಿನ ಇಮೇಲ್ ವಿಳಾಸ ಇರುವುದೂ ಅಪರೂಪ. ಎಷ್ಟೋ ಅರ್ಜಿಗಳಲ್ಲಿ ಪತ್ರವನ್ನು ಶಿಕ್ಷಕರೇ ನೇರವಾಗಿ ಅಪ್‌ಲೋಡ್ ಮಾಡಬೇಕು. ಲಿಂಕ್ ಅವರ ಇಮೇಲಿಗೆ ಬರುತ್ತದೆ. ಅದು ಸ್ಪ್ಯಾಮ್‌ನಲ್ಲಿ ಕೂತಿರುತ್ತದೆ, ಕೊನೆಯ ದಿನಾಂಕ ದಾಟಿರುತ್ತದೆ. ವಿದ್ಯಾರ್ಥಿ ತನ್ನ ಪಾಲಿನದ್ದನ್ನೆಲ್ಲ ಮಾಡಿಯೂ ಅರ್ಜಿ ಅಪೂರ್ಣ.

ಶಿಕ್ಷಕರನ್ನು ದೂರಿ ಪ್ರಯೋಜನವಿಲ್ಲ. ವಿದ್ಯಾರ್ಥಿ ಮಾಡಬಹುದಾದದ್ದು ಇಷ್ಟು: ಪತ್ರ ಕೇಳುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ಹಾಳೆಯಲ್ಲಿ ಯಾವ ಫೆಲೋಶಿಪ್, ಕೊನೆಯ ದಿನ ಯಾವುದು, ನಾನು ಏನು ಮಾಡಬೇಕೆಂದಿದ್ದೇನೆ, ನಿಮ್ಮ ತರಗತಿಯಲ್ಲಿ ಮಾಡಿದ ಯಾವ ಕೆಲಸ ನಿಮಗೆ ನೆನಪಿರಬಹುದು ಎಂದು ಬರೆದುಕೊಂಡು ಹೋಗಿ. ತಿಂಗಳು ಮೊದಲೇ ಹೋಗಿ. 'ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ' ಎಂಬ ಉತ್ತರ ಬಂದರೆ, ಆ ಹಾಳೆಯನ್ನೇ ಮುಂದಿಟ್ಟು ನಯವಾಗಿ ಇನ್ನೊಮ್ಮೆ ಕೇಳಿ. ತನ್ನ ಬಗ್ಗೆ ತಾನೇ ಬರೆದ ಪತ್ರದ ಭಾಷೆ ಅರ್ಜಿಯ ಭಾಷೆಯ ಹಾಗೆಯೇ ಇರುತ್ತದೆ. ನೂರಾರು ಅರ್ಜಿ ಓದುವವರಿಗೆ ಅದು ಗೊತ್ತಾಗದೆ ಇರುವುದಿಲ್ಲ.

ಈಗ ವಿದ್ಯಾರ್ಥಿಯೇ ಬರೆಯಬೇಕಾದ ಪುಟದ ವಿಷಯ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ, ಅಲ್ಲಿ ಕಡಲ ಜೀವಶಾಸ್ತ್ರ ಕಲಿಸುತ್ತಾರೆ. ಕಾಳಿ ನದಿ ಸಮುದ್ರ ಸೇರುವ ಜಾಗ ಪಕ್ಕದಲ್ಲೇ ಇದೆ. ಅಂಥ ಕಡೆ ಓದುವವರು ಅರ್ಜಿಯಲ್ಲಿ 'ನನಗೆ ಚಿಕ್ಕಂದಿನಿಂದಲೂ ಸಮುದ್ರ ಎಂದರೆ ಬಹಳ ಪ್ರೀತಿ' ಎಂದು ಶುರು ಮಾಡಿದರೆ ಬೇಸರವಾಗುತ್ತದೆ. ಚೆನ್ನೈ, ಕೊಚ್ಚಿಯವರೂ ಇದನ್ನೇ ಬರೆಯುತ್ತಾರೆ. ಈಗಂತೂ ಚಾಟ್‌ಜಿಪಿಟಿ ಎಲ್ಲರಿಗೂ ಇದನ್ನೇ ಬರೆದುಕೊಡುತ್ತದೆ.

ಅದರ ಬದಲು ಹೀಗೆ ಬರೆದರೆ? 'ಅಘನಾಶಿನಿ ಅಳಿವೆಯಲ್ಲಿ ಮಳೆಗಾಲ ಮುಗಿದ ಮೇಲೆ ನೀರಿನ ಉಪ್ಪು ನಿಧಾನವಾಗಿ ಏರುತ್ತದೆ. ಬಳಚಿನ (ಚಿಪ್ಪುಜೀವಿಯ) ಮರಿಗಳು ನೆಲೆ ಹಿಡಿಯುವ ಜಾಗಕ್ಕೂ ಈ ಏರಿಕೆಯ ವೇಗಕ್ಕೂ ಸಂಬಂಧ ಇದೆಯೇ ಎಂದು ನೋಡಬೇಕು. ಬಳಚು ಆರಿಸುವ ಹೆಂಗಸರು ಪ್ರತಿ ವರ್ಷ ಜಾಗ ಬದಲಿಸುತ್ತಾರೆ. ಅವರ ಲೆಕ್ಕವನ್ನೂ ದಾಖಲಿಸಬೇಕು.' ಇಲ್ಲಿ ಒಂದು ಪ್ರಶ್ನೆ ಇದೆ. ಅಳೆಯಬಹುದಾದ ವಸ್ತು ಇದೆ. ಇದನ್ನು ಈಕೆಯೇ ಏಕೆ ಮಾಡಬೇಕು ಎಂಬುದಕ್ಕೂ ಉತ್ತರ ಇದೆ. ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಮಹತ್ವದ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಹೊರಗಿನವರ ಕಣ್ಣು ಈಗ ಅದರ ಮೇಲಿದೆ. ಒಳಗಿನವರು ಕೇಳಬಹುದಾದ ಪ್ರಶ್ನೆಗಳು ಇನ್ನೂ ಬೇಕಾದಷ್ಟಿವೆ.

ಇಂಥ ಪ್ರಶ್ನೆಗೆ ಈ ಜಿಲ್ಲೆಯಲ್ಲಿ ಬರವಿಲ್ಲ. ಅಳಿವೆ ಪಕ್ಕದ ಗಜನಿ ಗದ್ದೆಯ ಉಪ್ಪುನೀರು ತಡೆಯುವ ಕಗ್ಗ ಭತ್ತ ಇದೆ. ಶಿರಸಿ, ಸಿದ್ದಾಪುರದ ಅಡಿಕೆ ತೋಟಕ್ಕೆ ಅಂಟಿಕೊಂಡ, ತೋಟಕ್ಕೆ ಸೊಪ್ಪು ಕೊಡುವ ಕಾಡು, ಅಂದರೆ ಸೊಪ್ಪಿನ ಬೆಟ್ಟ ಇದೆ. ಅದರ ಹಕ್ಕು ಬೆಳೆಗಾರರದ್ದು, ನೆಲ ಸರ್ಕಾರದ್ದು. ಕಾನೂನು, ಅರ್ಥಶಾಸ್ತ್ರ, ಸಸ್ಯಶಾಸ್ತ್ರ ಯಾವ ವಿಭಾಗದವರೂ ಇದಕ್ಕೆ ಕೈ ಹಾಕಬಹುದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಭೂವಿಜ್ಞಾನದವರಿಗೆ ಅದೊಂದು ಪ್ರಶ್ನೆ, ಸಮಾಜಶಾಸ್ತ್ರದವರಿಗೆ ಮತ್ತೊಂದು. ನೌಕಾನೆಲೆಗೂ ಕೈಗಾ ಅಣು ವಿದ್ಯುತ್ ಸ್ಥಾವರಕ್ಕೂ ಜಾಗ ಬಿಟ್ಟುಕೊಟ್ಟ ಕುಟುಂಬಗಳ ಮೂರನೆಯ ತಲೆಮಾರು ಈಗ ಕಾಲೇಜಿನಲ್ಲಿದೆ. ತಮ್ಮ ಅಜ್ಜ ಅಜ್ಜಿಯರ ಸ್ಥಳಾಂತರವನ್ನು ಅವರಿಗಿಂತ ಚೆನ್ನಾಗಿ ಯಾರು ಬರೆಯಬಲ್ಲರು?

ಆದರೆ ಒಂದು ಎಚ್ಚರಿಕೆ. ಊರು ಇದೆ ಎಂದ ಮಾತ್ರಕ್ಕೆ ಸಂಶೋಧನೆ ಆಗುವುದಿಲ್ಲ. 'ಉತ್ತರ ಕನ್ನಡದ ಜನಪದ: ಒಂದು ಅಧ್ಯಯನ' ಎಂಬಂಥ ಶೀರ್ಷಿಕೆಗಳಿಂದಲೇ ಎಷ್ಟೋ ಅರ್ಜಿಗಳು ಮೊದಲ ಸುತ್ತಿನಲ್ಲಿ ಬೀಳುತ್ತವೆ. ಅದರಲ್ಲಿ ಪ್ರಶ್ನೆಯೇ ಇಲ್ಲ. ಬಡತನವನ್ನೇ ಅರ್ಜಿಯ ಬಂಡವಾಳ ಮಾಡಿಕೊಳ್ಳುವುದೂ ನನಗೆ ಸರಿ ಕಾಣುವುದಿಲ್ಲ. ಕಷ್ಟ ಇದ್ದರೆ ಎರಡು ಸಾಲು ಸಾಕು, ಉಳಿದ ಜಾಗ ಕೆಲಸಕ್ಕೆ ಬೇಕು.

ಹಿಂದಿನ ಪ್ರಬಂಧಗಳನ್ನು ಓದದೆ ಪ್ರಶ್ನೆ ಕಟ್ಟಲು ಆಗುವುದಿಲ್ಲ. ಮೊದಲು ಇದು ದೊಡ್ಡ ಅಡ್ಡಿಯಾಗಿತ್ತು, ನಿಯತಕಾಲಿಕಗಳ ಚಂದಾ ಅಷ್ಟು ದುಬಾರಿ. 2025ರ ಜನವರಿಯಲ್ಲಿ ಶುರುವಾದ ಒಂದು ದೇಶ ಒಂದು ಚಂದಾ ಯೋಜನೆಯಲ್ಲಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕಗಳು ತೆರೆದುಕೊಂಡಿವೆ. ನಿಮ್ಮ ಗ್ರಂಥಪಾಲಕರನ್ನು ಹೋಗಿ ಕೇಳಿ. ಸರ್ಕಾರಿ ಕಾಲೇಜಿನಲ್ಲಿ ಇದರ ನೋಂದಣಿ ಆಗಿಲ್ಲದಿದ್ದರೆ ಮಾಡಿಸಿ. ಖಾಸಗಿ ಆಡಳಿತದ ಕಾಲೇಜಿನವರಿಗೆ ಈ ದಾರಿ ಇನ್ನೂ ಇಲ್ಲ. ಅವರು ಪ್ರಬಂಧದ ಲೇಖಕರಿಗೇ ಇಮೇಲ್ ಹಾಕಿ ಪ್ರತಿ ಕೇಳಬಹುದು. ಹೆಚ್ಚಿನವರು ಕಳಿಸುತ್ತಾರೆ.

ಈ ಸ್ಪರ್ಧೆಯನ್ನು ಲೆಕ್ಕ ಹಾಕಿ ಆಡಿದವರು ನಮ್ಮಲ್ಲೇ ಇದ್ದರು. ಗಿರೀಶ ಕಾರ್ನಾಡರ ಬಾಲ್ಯ ಶಿರಸಿಯಲ್ಲಿ ಕಳೆಯಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋದರು. ಸಾಹಿತ್ಯದ ಹುಚ್ಚಿದ್ದ ಹುಡುಗ ಗಣಿತ ಓದಿದ್ದೇಕೆ? ಗಣಿತದಲ್ಲಿ ಅಂಕ ಜಾಸ್ತಿ ಬರುತ್ತದೆ, ಅಂಕ ಬಂದರೆ ಹೊರದೇಶದ ವಿದ್ಯಾರ್ಥಿವೇತನ ಸಿಗುತ್ತದೆ ಎಂಬ ಲೆಕ್ಕ. ಆ ಲೆಕ್ಕ ಈಗ ಅರ್ಧ ಮಾತ್ರ ಸರಿ. ಒಂದು ಫಸ್ಟ್ ಕ್ಲಾಸ್‌ಗೆ ಅಂದು ಇದ್ದ ತೂಕ ಇಂದು ಇಲ್ಲ. ಅಂಕ ಈಗ ಗೇಟಿನ ಒಳಗೆ ಬಿಡುತ್ತದೆ ಅಷ್ಟೇ. ಒಳಗೆ ಹೋದ ಮೇಲೆ ಕೇಳುವುದು ಬೇರೆಯದನ್ನು.

ಪ್ರಮಾಣಪತ್ರಗಳ ವಿಷಯ ನೀರಸ, ಆದರೆ ಇಲ್ಲೇ ಬಹಳ ಮಂದಿ ಎಡವುತ್ತಾರೆ. ನಾಡಕಚೇರಿಯಿಂದ ತಂದ 2ಎ, 3ಬಿ ಪ್ರಮಾಣಪತ್ರ ಕೇಂದ್ರದ ಫೆಲೋಶಿಪ್‌ಗೆ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಕೆನೆಪದರೇತರ ಪ್ರಮಾಣಪತ್ರವೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಸಾಮಾನ್ಯ ವರ್ಗದ ಆರ್ಥಿಕ ದುರ್ಬಲರ ಪ್ರಮಾಣಪತ್ರಕ್ಕೆ ಆದಾಯದ ಜೊತೆ ಜಮೀನಿನ ಮಿತಿಯೂ ಇದೆ. ಕುಟುಂಬಕ್ಕೆ 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಭೂಮಿ ಇದ್ದರೆ ಸಿಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು ಇದ್ದರಂತೂ ಮುಗಿಯಿತು.

ಸಮುದಾಯದ ಪ್ರಕಾರ ತೆರೆಯುವ ಬಾಗಿಲುಗಳಲ್ಲೂ ವ್ಯತ್ಯಾಸ ದೊಡ್ಡದು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಿಎಚ್‌ಡಿಗೆ ನೋಂದಾಯಿಸಿಕೊಂಡ ಸಿದ್ದಿ ವಿದ್ಯಾರ್ಥಿ ಪರಿಶಿಷ್ಟ ಪಂಗಡದ ರಾಷ್ಟ್ರೀಯ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ವರ್ಷಕ್ಕೆ 750 ಸ್ಥಾನ, ಆಯ್ಕೆ ಸ್ನಾತಕೋತ್ತರ ಅಂಕದ ಮೇಲೆ, ನೆಟ್ ಕಡ್ಡಾಯವಲ್ಲ. ಹಾಲಕ್ಕಿ ಒಕ್ಕಲಿಗರು ಆ ಪಟ್ಟಿಗಾಗಿ ಎಷ್ಟೋ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಸೇರದೆ ಇರುವುದರಿಂದ ಅವರ ಮಕ್ಕಳಿಗೆ ಈ ಬಾಗಿಲು ಮುಚ್ಚಿದೆ. ಒಬಿಸಿ ರಾಷ್ಟ್ರೀಯ ಫೆಲೋಶಿಪ್ ನೆಟ್ ಮೂಲಕವೇ ಬರುವುದು. ಅಲ್ಪಸಂಖ್ಯಾತರಿಗೆ ಇದ್ದ ಮೌಲಾನಾ ಆಜಾದ್ ಫೆಲೋಶಿಪ್ 2022-23ರಿಂದ ನಿಂತೇ ಹೋಯಿತು. ಭಟ್ಕಳದ ವಿದ್ಯಾರ್ಥಿನಿಗೆ ಅದು ಸಣ್ಣ ನಷ್ಟವಲ್ಲ.

ಇನ್ನೊಂದು ಅಸಮಾನತೆಯನ್ನು ಯಾರೂ ಹೆಚ್ಚು ಮಾತನಾಡುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವವರಿಗೆ ನೆಟ್ ಇಲ್ಲದಿದ್ದರೂ ಯುಜಿಸಿಯ 8,000 ರೂಪಾಯಿ ಸಿಗುತ್ತದೆ. ಧಾರವಾಡದಂಥ ರಾಜ್ಯ ವಿಶ್ವವಿದ್ಯಾಲಯದವರಿಗೆ ಅದೂ ಇಲ್ಲ. ಇದರ ಮೇಲೆ ಪದವಿಯ ಅವಧಿಯ ಗೊಂದಲ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡಾ 75 ಪಡೆದವರು ನೇರವಾಗಿ ನೆಟ್ ಬರೆಯಬಹುದು ಎಂದು ಯುಜಿಸಿ 2024ರಲ್ಲಿ ಹೇಳಿತು. ಅದೇ ವರ್ಷ ಕರ್ನಾಟಕ ಮೂರು ವರ್ಷದ ಪದವಿಗೆ ಮರಳಿತು. ಮೂರು ವರ್ಷದಲ್ಲಿ ಮುಗಿಸಿ ಕೆಲಸಕ್ಕೆ ಹೋಗುವ ಮಕ್ಕಳಿಗೆ ಅದು ಅನುಕೂಲ, ನಾನು ಅದನ್ನು ತಪ್ಪು ಎನ್ನುವುದಿಲ್ಲ. ಆದರೆ ಸಂಶೋಧನೆಯ ಕಡೆ ಹೋಗುವವರು ಈಗ ಎಂಎ, ಎಂಎಸ್ಸಿ ಸೇರಿ ಐದು ವರ್ಷದ ಲೆಕ್ಕವನ್ನೇ ಇಟ್ಟುಕೊಳ್ಳಬೇಕು. ಮೊದಲ ಬೇಸಿಗೆ ಫೆಲೋಶಿಪ್‌ಗೆ ಪದವಿಯ ಎರಡನೆಯ ವರ್ಷದಲ್ಲೇ ಅರ್ಜಿ ಹಾಕುವುದು ಇದಕ್ಕೇ ಒಳ್ಳೆಯದು. ಸಿಗದಿದ್ದರೂ ಪತ್ರ, ಪ್ರಶ್ನೆ, ಒಂದು ಪುಟದ ಬರಹ ಕೈಯಲ್ಲಿ ಉಳಿಯುತ್ತವೆ. ಒಂದೇ ತೊಂದರೆ, ನಮ್ಮ ಸೆಮಿಸ್ಟರ್ ಪರೀಕ್ಷೆಗಳು ಹಿಂದೆ ಮುಂದೆ ಆಗಿ ಮೇ, ಜೂನ್ ತಿಂಗಳಿಗೆ ಬಂದು ಕೂರುತ್ತವೆ. ಆಯ್ಕೆಯಾದ ತಕ್ಷಣ ಮಾರ್ಗದರ್ಶಕರಿಗೆ ದಿನಾಂಕ ತಿಳಿಸಿದರೆ ಹೊಂದಾಣಿಕೆಗೆ ಒಪ್ಪುವವರೂ ಇದ್ದಾರೆ.

ಜೆಆರ್‌ಎಫ್ ಗೆದ್ದವರ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. ಪಿಎಚ್‌ಡಿ ಸೀಟು ಬೇರೆ ಹುಡುಕಬೇಕು. 2022ರ ನಿಯಮದ ಪ್ರಕಾರ ಒಬ್ಬ ಪ್ರಾಧ್ಯಾಪಕರ ಬಳಿ 8, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ಪಿಎಚ್‌ಡಿ ವಿದ್ಯಾರ್ಥಿಗಳು ಮಾತ್ರ. ಹುದ್ದೆಗಳೇ ಖಾಲಿ ಇರುವ ವಿಭಾಗದಲ್ಲಿ ಗೈಡ್ ಎಲ್ಲಿಂದ ಬರಬೇಕು? ಸೀಟು ಸಿಕ್ಕಿದ ಮೇಲೆ ಹಣದ ದಾರಿ. ಪ್ರತಿ ತಿಂಗಳು ವಿಶ್ವವಿದ್ಯಾಲಯದ ವಿವರ ತುಂಬುವ ಒಬ್ಬ ಮೇಕರ್, ಅದನ್ನು ಪರಿಶೀಲಿಸುವ ಇನ್ನೊಬ್ಬ ಚೆಕರ್ ಕೆನರಾ ಬ್ಯಾಂಕಿನ ಪೋರ್ಟಲ್‌ನಲ್ಲಿ ನಿಮ್ಮ ಹೆಸರನ್ನು ದೃಢಪಡಿಸಬೇಕು. ಅವರು ರಜೆಯಲ್ಲಿದ್ದರೆ ಆ ತಿಂಗಳು ಹಣ ಇಲ್ಲ. ಮೊದಲ ಕಂತು ಬರಲು ತಿಂಗಳುಗಳೇ ಹಿಡಿಯಬಹುದು. ಬಂದಾಗ ಬಾಕಿ ಸೇರಿಯೇ ಬರುತ್ತದೆ ನಿಜ, ಆದರೆ ರೂಮಿನ ಮಾಲೀಕರಿಗೆ ಬಾಕಿಯ ಲೆಕ್ಕ ಹೇಳಲು ಆಗುವುದಿಲ್ಲ. ಹಾಗಾಗಿ ಧಾರವಾಡಕ್ಕೋ ಬೆಂಗಳೂರಿಗೋ ಹೊರಡುವ ಮೊದಲು ಮನೆಯಲ್ಲಿ ಕೂತು ಆರು ತಿಂಗಳ ಖರ್ಚಿನ ಮಾತು ಆಡಿಕೊಳ್ಳಿ. ಆಯ್ಕೆ ಪತ್ರದ ಸುದ್ದಿ ಊರಿಗೆಲ್ಲ ಹೇಳುವ ಸಂಭ್ರಮದಲ್ಲಿ ಅದೊಂದು ಮರೆತು ಹೋಗುತ್ತದೆ.